ದುರ್ಗದ ಕಥೆಗೆ ಗಾಂಧಿನಗರದ ತಕ್ಕಡಿ



ಬೆಂಗಳೂರಿನ ಗಾಂಧಿನಗರದಲ್ಲಿ ಒಬ್ಬ ನಿರ್ಮಾಪಕರ ಮುಂದೆ ಕುಳಿತು ಹೀಗೊಂದು ಕಥೆ ಹೇಳಿದರೆ ಏನಾದೀತು, ಊಹಿಸಿ. ಕಥಾನಾಯಕ ಮುಂಗೋಪಿ. ಕಾಲೇಜಿನಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾನೆ. ಆ ಸಿಟ್ಟಿಗೆ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕುತ್ತಾನೆ. ಪ್ರೀತಿಸಿದ ಮೊದಲ ಹುಡುಗಿಯನ್ನು ಗುರುವಿನ ಮಾತಿಗೆ ಕಟ್ಟುಬಿದ್ದು ಬಿಟ್ಟುಕೊಡುತ್ತಾನೆ. ಅವಳ ಬಾಳು ಬೀದಿಪಾಲಾಗುತ್ತದೆ. ಎರಡನೆಯ ಹುಡುಗಿ ಬೇರೆ ಧರ್ಮದವಳು. ಕೊನೆಗೆ ಗುರುವಿನ ಸಾವಿಗೆ ತಾನೇ ಕಾರಣನಾಗಿ, ಆ ಹುಡುಗಿಯೊಂದಿಗೆ ಬೆಟ್ಟದಿಂದ ಹಾರಿ ಪ್ರಾಣ ಬಿಡುತ್ತಾನೆ. ನಡುವೆ ಕಥೆಯನ್ನು ನಿಲ್ಲಿಸಿ, ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಕಾವಲುಗಾರನ ಹೆಂಡತಿಯ ಸಾಹಸವನ್ನು ಹಾಡಿನಲ್ಲಿ ಹೇಳಬೇಕು. ನಾಯಕನ ಪಾತ್ರಕ್ಕೆ ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಹುಡುಗ.

ನಿರ್ಮಾಪಕರು ಕಾಫಿ ಕುಡಿಸಿ, "ಚೆನ್ನಾಗಿದೆ, ಹೇಳಿ ಕಳುಹಿಸುತ್ತೇವೆ" ಎಂದು ಬೀಳ್ಕೊಡುವ ಸಂಭವವೇ ಹೆಚ್ಚು. ಆದರೆ ಈ ಕಥೆ ಚಿತ್ರವಾಯಿತು. 1972ರ ಡಿಸೆಂಬರ್ 29ರಂದು ತೆರೆ ಕಂಡಿತು. ಅದು ಯಾವ ಚಿತ್ರವೆಂದು ಚಿತ್ರದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ನಾಗರಹಾವು' ಚಿತ್ರದಿಂದ ವಿಷ್ಣುವರ್ಧನ್ ತಾರೆಯಾದರು, ಅಂಬರೀಶ್ ಬೆಳಕಿಗೆ ಬಂದರು. ಈ ಊರಿನ ಕಲ್ಲುಬೆಟ್ಟವನ್ನು ಕಂಡೇ ಇರದವರಿಗೂ ಅದು ಪರಿಚಿತವಾಯಿತು.

ಒಂದು ಕಥೆ ಹಣ ತರುತ್ತದೋ ಇಲ್ಲವೋ ಎಂಬುದನ್ನು ಯಾರು, ಹೇಗೆ ತೂಗುತ್ತಾರೆ? ಆ ತಕ್ಕಡಿಯ ಬಟ್ಟುಗಳು ಯಾವುವು? ಇದು ನಿರ್ಮಾಪಕರ ಜೇಬಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ತೋರಬಹುದು. ಆದರೆ ಯಾವ ಊರಿನ ಕಥೆ ತೆರೆಗೆ ಬರಬೇಕು, ಯಾವುದು ಟ್ರಂಕಿನಲ್ಲೇ ಉಳಿಯಬೇಕು ಎಂಬುದೂ ಅದೇ ತಕ್ಕಡಿಯಲ್ಲಿ ತೀರ್ಮಾನವಾಗುತ್ತದೆ. ಹಾಗಾಗಿ ಹಿರಿಯೂರಿನವರಿಗೂ ಹೊಳಲ್ಕೆರೆಯವರಿಗೂ ಇದು ಸಂಬಂಧಪಟ್ಟ ವಿಷಯವೇ.

ಮೊದಲು ಲೆಕ್ಕಾಚಾರ ನೋಡೋಣ. ಒಂದು ಚಿತ್ರ ಕೋಟಿ ರೂಪಾಯಿ ಗಳಿಸಿತು ಎಂದರೆ ನಿರ್ಮಾಪಕರಿಗೆ ಕೋಟಿ ಬಂತೆಂದಲ್ಲ. ಟಿಕೆಟ್ ಹಣದಲ್ಲಿ ಮೊದಲು ಸರ್ಕಾರದ ತೆರಿಗೆ ಹೋಗುತ್ತದೆ. ಬಳಿಕ ಚಿತ್ರಮಂದಿರದ ಪಾಲು. ಕರ್ನಾಟಕದ ಒಂಟಿ ಚಿತ್ರಮಂದಿರಗಳಲ್ಲಿ ಬಹುಕಾಲ ವಾರದ ಬಾಡಿಗೆಯ ಪದ್ಧತಿ ನಡೆದುಬಂತು; ಮಲ್ಟಿಪ್ಲೆಕ್ಸ್‌ಗಳಲ್ಲಿ ಶೇಕಡಾವಾರು ಹಂಚಿಕೆ. ಆಮೇಲೆ ಹಂಚಿಕೆದಾರರ ಕಮಿಷನ್, ಪ್ರಚಾರದ ಖರ್ಚು. ಇದೆಲ್ಲ ಕಳೆದು ಉಳಿದದ್ದಕ್ಕೆ 'ಶೇರ್' ಎನ್ನುತ್ತಾರೆ. ಉದಾಹರಣೆಗೆ ನೂರು ರೂಪಾಯಿಯ ಟಿಕೆಟ್‌ನಲ್ಲಿ ನಿರ್ಮಾಪಕರ ಕೈಗೆ ನಲವತ್ತು ಬಂತೆಂದು ಇಟ್ಟುಕೊಳ್ಳಿ. ಎರಡು ಕೋಟಿ ವೆಚ್ಚದ ಸಾಧಾರಣ ಚಿತ್ರ ಚಿತ್ರಮಂದಿರದಿಂದಲೇ ಅಸಲು ಪಡೆಯಬೇಕಾದರೆ ಐದು ಲಕ್ಷ ಟಿಕೆಟ್ ಮಾರಾಟವಾಗಬೇಕು. 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ. ಅಂದರೆ ಕೂಸು, ಮುದುಕರೂ ಸೇರಿದಂತೆ ಇಡೀ ಜಿಲ್ಲೆಯಲ್ಲಿ ಹತ್ತಕ್ಕೆ ಮೂವರು ಚಿತ್ರಮಂದಿರಕ್ಕೆ ಬಂದಷ್ಟು ಜನ! ನಿರ್ಮಾಪಕ ಕಥೆ ಕೇಳುವಾಗ ಮುಖ ಗಂಟಿಕ್ಕಿಕೊಳ್ಳುವುದಕ್ಕೆ ಕಾರಣ ಈ ಲೆಕ್ಕ. ಅವನನ್ನು ಸುಮ್ಮನೆ ದೂರುವುದು ನ್ಯಾಯವಲ್ಲ.

ಇಷ್ಟು ಜನ ಎಲ್ಲಿಂದ ಬರಬೇಕು? ಉದ್ಯಮದವರು ರಾಜ್ಯವನ್ನು ವಲಯಗಳಾಗಿ ಹಂಚಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿ 'ಬಿಕೆಟಿ'. ಹಾಗೆಯೇ ಮೈಸೂರು ಕಡೆಗೊಂದು, ಚಿತ್ರದುರ್ಗ-ದಾವಣಗೆರೆಯ ಕಡೆಗೊಂದು, ಹುಬ್ಬಳ್ಳಿ ಕಡೆಗೊಂದು. ಒಂದೊಂದು ವಲಯದ ಹಕ್ಕಿಗೂ ಒಂದೊಂದು ದರ. ಹಂಚಿಕೆದಾರರು ಕೆಲವು ಚಿತ್ರಗಳಿಗೆ ಇಡೀ ಹಕ್ಕಿನ ಹಣವನ್ನು ಒಟ್ಟಿಗೆ ಕೊಡುತ್ತಿದ್ದರು, ಕೆಲವಕ್ಕೆ 'ಮಿನಿಮಮ್ ಗ್ಯಾರಂಟಿ' ಕಟ್ಟುತ್ತಿದ್ದರು, ನಂಬಿಕೆಯಿಲ್ಲದ್ದನ್ನು ಬರೀ ಕಮಿಷನ್ ಮೇಲೆ ತೆಗೆದುಕೊಳ್ಳುತ್ತಿದ್ದರು. ಹೀಗಾಗಿ ಕಥೆ ಕೇಳುವಾಗಲೇ ನಿರ್ಮಾಪಕನ ಕಣ್ಣ ಮುಂದೆ ಕರ್ನಾಟಕದ ನಕ್ಷೆ ಹರಡಿಕೊಳ್ಳುತ್ತದೆ. ಇದು 'ಎ' ಸೆಂಟರಿನ ಚಿತ್ರವೋ, 'ಬಿ', 'ಸಿ' ಸೆಂಟರಿನದೋ? ಬಾಲ್ಕನಿಯವರು ಮೆಚ್ಚುತ್ತಾರೋ, ಗಾಂಧಿ ಕ್ಲಾಸಿನವರೋ? ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೋ?

ರೀಲಿನ ಕಾಲದಲ್ಲಿ ಈ ವಿಂಗಡಣೆಗೆ ಇನ್ನೊಂದು ಕಾರಣವಿತ್ತು. ಪ್ರಿಂಟ್ ದುಬಾರಿ, ಕೆಲವೇ ಪ್ರಿಂಟ್ ತೆಗೆಸುತ್ತಿದ್ದರು. ಅವು ಮೊದಲು ದೊಡ್ಡ ನಗರಗಳಲ್ಲಿ ಓಡಿ, ಆಮೇಲೆ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಕೊನೆಗೆ ಗೆರೆ ಬಿದ್ದ ಸ್ಥಿತಿಯಲ್ಲಿ ಟೂರಿಂಗ್ ಟಾಕೀಸಿಗೆ ಬರುತ್ತಿದ್ದವು. ಹೆದ್ದಾರಿಯ ಮೇಲಿನ ಹಿರಿಯೂರಿಗೆ ಬೇಗ ಬಂದರೆ, ಒಳಗಿನ ಹೊಸದುರ್ಗ, ಹೊಳಲ್ಕೆರೆಗಳು ಕಾಯಬೇಕು. ಶೇಂಗಾ ಮಾರಿದ ದುಡ್ಡು, ಅಡಿಕೆ-ತೆಂಗಿನ ದುಡ್ಡು ಕೈಗೆ ಬರುವ ದಿನ, ಜಾತ್ರೆಯ ದಿನ ನೋಡಿಕೊಂಡು ಚಿತ್ರ ಹಾಕಿಸುವುದು ಚಿತ್ರಮಂದಿರದವರ ಜಾಣತನವಾಗಿತ್ತು. ಮಳೆ ಕೈಕೊಟ್ಟ ವರ್ಷ ಒಳ್ಳೆಯ ಕಥೆಯೂ ಸೋಲಬಹುದು. ಕಥೆಯ ತೂಕಕ್ಕೂ ಮಳೆಯ ತೂಕಕ್ಕೂ ಹೀಗೆ ನಂಟು.

ಅಮೆರಿಕದ ಹಾಲಿವುಡ್‌ನಲ್ಲಿ ಈ ತೂಗಾಟ ಕಾಗದದ ಮೇಲೆ ನಡೆಯುತ್ತದೆ. ಸ್ಟುಡಿಯೋಗಳಲ್ಲಿ ಚಿತ್ರಕಥೆ ಓದುವುದಕ್ಕೆಂದೇ ಸಂಬಳದ ಓದುಗರಿರುತ್ತಾರೆ. ಕಥೆಯ ಸಾರ, ಪಾತ್ರ, ಸಂಭಾಷಣೆ, ರಚನೆಗಳ ಬಗ್ಗೆ ಕೆಲವು ಪುಟದ ವರದಿ ಬರೆದು, ಕೊನೆಗೆ ಶಿಫಾರಸು, ಪರಿಶೀಲಿಸಬಹುದು, ಬೇಡ ಎಂಬ ಮೂರರಲ್ಲಿ ಒಂದು ಷರಾ ಹಾಕುತ್ತಾರೆ. ಬಹುಪಾಲು ಕಥೆಗಳಿಗೆ ಬೀಳುವುದು ಮೂರನೆಯ ಷರಾ. ಕನ್ನಡದಲ್ಲಿ ಈ ಕಾಗದದ ಸಂಪ್ರದಾಯ ಬೆಳೆಯಲಿಲ್ಲ. ಇಲ್ಲಿ ಕಥೆ ಓದುವುದಕ್ಕಿಂತ ಕೇಳುವುದು ಹೆಚ್ಚು. ಹೇಳುವವನ ಕಂಠ, ಕೇಳುವವನ ಮನಃಸ್ಥಿತಿ ಎರಡೂ ತೂಕಕ್ಕೆ ಸೇರುತ್ತವೆ. ಚೆನ್ನಾಗಿ ಬರೆಯುವವನಿಗೆ ಚೆನ್ನಾಗಿ ಹೇಳಲು ಬಾರದೆ ಸೋತ ಕಥೆಗಳಿಗೆ ಲೆಕ್ಕವಿಟ್ಟವರಿಲ್ಲ.

ಹಾಗಾದರೆ 1972ರಲ್ಲಿ 'ನಾಗರಹಾವು' ಕಥೆಯನ್ನು ತೂಗಿದವರು ಯಾರು? ನಿರ್ಮಾಪಕ ಎನ್. ವೀರಸ್ವಾಮಿ ಹಂಚಿಕೆಯ ವ್ಯವಹಾರವನ್ನು ಬಲ್ಲವರು. ಊರೂರಿನ ಗಳಿಕೆ ಅವರಿಗೆ ಗೊತ್ತು. ನಿರ್ದೇಶಕ ಪುಟ್ಟಣ್ಣ ಕಣಗಾಲ್ 'ಬೆಳ್ಳಿಮೋಡ', 'ಗೆಜ್ಜೆಪೂಜೆ', 'ಶರಪಂಜರ'ಗಳಿಂದ ಹೆಸರು ಮಾಡಿದ್ದವರು. ನಿರ್ದೇಶಕನ ಹೆಸರಿಗೇ ಜನ ಬರುತ್ತಾರೆ ಎಂಬ ಧೈರ್ಯವಿತ್ತು. ಆದರೆ ಇವರಿಬ್ಬರಿಗೂ ಮೊದಲೇ ಈ ಕಥೆಯನ್ನು ತೂಗಿ ನೋಡಿದ ಇನ್ನೊಂದು ಗುಂಪಿತ್ತು. ಅದು ಓದುಗರದು.

ತಳುಕಿನ ಮನೆತನದ ತ.ರಾ. ಸುಬ್ಬರಾಯರು, ನಮ್ಮೆಲ್ಲರ ತರಾಸು, ಕನ್ನಡದ ಅತ್ಯಂತ ಜನಪ್ರಿಯ ಕಾದಂಬರಿಕಾರರಲ್ಲಿ ಒಬ್ಬರು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಚಿತ್ರಕಥೆ ಮಾಡಿದರು. ಆ ಕಾಲದಲ್ಲಿ ಸಣ್ಣ ಊರುಗಳಲ್ಲೂ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಚಿಲ್ಲರೆ ಕಾಸು ಕೊಟ್ಟು ಕಾದಂಬರಿ ಒಯ್ದು, ಮನೆಮಂದಿಯೆಲ್ಲ ಓದಿ ಹಿಂದಿರುಗಿಸುತ್ತಿದ್ದರು. ಯಾವ ಪುಸ್ತಕದ ರಟ್ಟು ಕಿತ್ತುಹೋಗಿದೆ, ಯಾವುದು ಹೊಸದಾಗಿಯೇ ಉಳಿದಿದೆ ಎಂದು ನೋಡಿದರೆ ಜನರ ಒಲವು ಗೊತ್ತಾಗುತ್ತಿತ್ತು. ಕಾದಂಬರಿ ಓದಿ ಕಣ್ಣೊರೆಸಿಕೊಂಡವರು ಅದನ್ನು ತೆರೆಯ ಮೇಲೆ ನೋಡಲು ಬರುತ್ತಾರೆ ಎಂಬ ಅಂದಾಜಿಗೆ ಆಧಾರವಿತ್ತು. ಈಗಿನವರು ಮಾರುಕಟ್ಟೆ ಸಮೀಕ್ಷೆ ಎನ್ನುವುದನ್ನು ಅಂದು ಲೈಬ್ರರಿಯ ಹರಿದ ಪುಸ್ತಕಗಳೇ ಮಾಡುತ್ತಿದ್ದವು.

ಅದೇ 1972ರಲ್ಲಿ ಬಂದ 'ಬಂಗಾರದ ಮನುಷ್ಯ'ವೂ ಟಿ.ಕೆ. ರಾಮರಾಯರ ಕಾದಂಬರಿಯೇ. ಅದರ ರಾಜೀವ ತ್ಯಾಗಮೂರ್ತಿ. ಇದರ ರಾಮಾಚಾರಿ ಮೊಂಡ. ನಾಯಕ ಹೀಗೇ ಇರಬೇಕೆಂಬ ಸೂತ್ರ ನಿಜವಾಗಿದ್ದರೆ ಎರಡರಲ್ಲಿ ಒಂದು ಸೋಲಬೇಕಿತ್ತು. ಎರಡೂ ಗೆದ್ದವು. ರಾಜ್‌ಕುಮಾರ್ ಕುಟುಂಬದ ಸಂಸ್ಥೆಯಲ್ಲಂತೂ ಪಾರ್ವತಮ್ಮನವರು ಕಾದಂಬರಿಗಳನ್ನು ಓದಿ ಕಥೆ ಆರಿಸುತ್ತಿದ್ದದ್ದು, ಸಹೋದರ ವರದಪ್ಪನವರು ಕಥೆಗೆ ಕಿವಿಗೊಡುತ್ತಿದ್ದದ್ದು ಕನ್ನಡ ಚಿತ್ರರಂಗದಲ್ಲಿ ಮನೆಮಾತು. 'ಹೊಸ ಬೆಳಕು', 'ಸಮಯದ ಗೊಂಬೆ', 'ಜೀವನ ಚೈತ್ರ'ಗಳು ಕಾದಂಬರಿಯಿಂದ ಬಂದವು. 1993ರ 'ಆಕಸ್ಮಿಕ'ದ ಮೂಲವೂ ತರಾಸು ಕಾದಂಬರಿಗಳೇ. ತನಗೆ ತಾನೇ ಓದುಗಳಾದ ಒಬ್ಬ ಗೃಹಿಣಿ ಉದ್ಯಮದ ದೊಡ್ಡ ತಕ್ಕಡಿಯನ್ನು ಹಿಡಿದಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಆದರೆ ಗೆದ್ದ ಕಥೆ ಎಲ್ಲೆಡೆಯೂ ಗೆಲ್ಲುತ್ತದೆ ಎಂದು ನಂಬಿದವರಿಗೆ ಇದೇ 'ನಾಗರಹಾವು' ಪಾಠ ಕಲಿಸಿತು. 1974ರಲ್ಲಿ ಅದು 'ಜಹರೀಲಾ ಇನ್ಸಾನ್' ಎಂದು ಹಿಂದಿಗೆ ಹೋಯಿತು. ನಿರ್ದೇಶಕರು ಪುಟ್ಟಣ್ಣನವರೇ. ನಾಯಕ ರಿಷಿ ಕಪೂರ್. ಹಿಂದಿನ ವರ್ಷವಷ್ಟೇ 'ಬಾಬಿ' ಚಿತ್ರದಿಂದ ದೇಶದ ಹುಡುಗ-ಹುಡುಗಿಯರ ಕಣ್ಮಣಿಯಾಗಿದ್ದವರು. ಕನ್ನಡದ ಚಿತ್ರ ಹೊಸಬನನ್ನು ನಂಬಿತ್ತು. ಹಿಂದಿಯ ಚಿತ್ರದಲ್ಲಿ ತಾರೆಯಿತ್ತು, ಪರೀಕ್ಷಿತ ಕಥೆಯಿತ್ತು, ಅದನ್ನು ಗೆಲ್ಲಿಸಿದ ನಿರ್ದೇಶಕರಿದ್ದರು. ಕಾಗದದ ಮೇಲೆ ನೂರಕ್ಕೆ ನೂರು ಅಂಕ. ಚಿತ್ರ ಸೋತಿತು. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್ ಆಡಿದ ಮಾತಿನ ಹದ, ತುಂಗಮ್ಮನಾಗಿ ಲೀಲಾವತಿ ಬಡಿಸಿದ ಅನ್ನದ ಪ್ರೀತಿ, ಮಕ್ಕಳಿಲ್ಲದ ಮೇಷ್ಟ್ರ ಮನೆಯೇ ಪುಂಡ ಹುಡುಗನಿಗೆ ತವರಾಗುವ ಬಗೆ, ಇವು ಕನ್ನಡದ ಪ್ರೇಕ್ಷಕನಿಗೆ ತನ್ನ ಬೀದಿಯ ಸಂಗತಿಗಳಾಗಿದ್ದವು. ಕಥೆಯ ಬೆಲೆ ಕಥೆಯೊಳಗೆ ಮಾತ್ರ ಇರುವುದಿಲ್ಲ. ಕಥೆಗೂ ಅದನ್ನು ನೋಡುವವರಿಗೂ ನಡುವೆ ಇರುವ ಬಳಕೆಯಲ್ಲಿ ಇರುತ್ತದೆ. ಅದನ್ನು ಹಕ್ಕುಪತ್ರ ಮಾಡಿಸಿ ಕೊಳ್ಳಲು ಬರುವುದಿಲ್ಲ.

ಅಷ್ಟೇ ಏಕೆ, ಕಾದಂಬರಿ ಬರೆದ ತರಾಸು ಅವರಿಗೇ ಚಿತ್ರ ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಅವರು ಬೇಸರಪಟ್ಟದ್ದು ಪ್ರಸಿದ್ಧ. ಲೇಖಕನ ತಕ್ಕಡಿ ಬೇರೆ, ನಿರ್ದೇಶಕನ ತಕ್ಕಡಿ ಬೇರೆ, ಜನರ ತಕ್ಕಡಿ ಮತ್ತೂ ಬೇರೆ.

ತರಾಸು ಅವರ 'ಹಂಸಗೀತೆ'ಯ ಕಥೆ ಇನ್ನೂ ಸ್ವಾರಸ್ಯದ್ದು. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನೆಂಬ ಸಂಗೀತಗಾರನ ಬದುಕು ಅದರ ವಸ್ತು. ಹಿಂದಿಯವರು ಅದರಲ್ಲಿ ಹಾಡುಗಳ ಚಿತ್ರವನ್ನು ಕಂಡರು. 1956ರಲ್ಲಿ ಶಂಕರ್-ಜೈಕಿಶನ್ ಸಂಗೀತದ 'ಬಸಂತ್ ಬಹಾರ್' ಬಂತು. ಅದಕ್ಕೆ ಮನ್ನಾ ಡೇ ಜೊತೆ ಭೀಮಸೇನ ಜೋಶಿಯವರೂ ಹಾಡಿದರು. ಸುಮಾರು ಎರಡು ದಶಕದ ನಂತರ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ಅವರ ಕಣ್ಣಿಗೆ ಕಂಡದ್ದು ಕಲಾವಿದನ ಅಂತರಂಗ. ಅನಂತನಾಗ್ ಅಭಿನಯದ 1975ರ 'ಹಂಸಗೀತೆ' ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಹಾಡಿದ ಬಾಲಮುರಳಿಕೃಷ್ಣ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ದುರ್ಗದ ಒಂದೇ ಕಥೆ ಒಂದು ಕಡೆ ವ್ಯಾಪಾರದ ಸರಕು, ಇನ್ನೊಂದು ಕಡೆ ಕಲೆಯ ಸಾಧನ. ಇದು ಕಮರ್ಷಿಯಲ್, ಇದು ಆರ್ಟ್ ಎಂಬ ಚೀಟಿಯನ್ನು ಕಥೆ ಹುಟ್ಟುವಾಗಲೇ ಹಣೆಗೆ ಅಂಟಿಸಿಕೊಂಡು ಬರುವುದಿಲ್ಲ.

ಈಗ ಓಬವ್ವನ ಹಾಡಿಗೆ ಬನ್ನಿ. ಜಯಂತಿ ಓಬವ್ವನಾಗಿ ನಟಿಸಿದ ಆ ಭಾಗವನ್ನು ತೆಗೆದುಹಾಕಿದರೂ ರಾಮಾಚಾರಿಯ ಕಥೆ ಮುಂದೆ ಸಾಗುತ್ತದೆ. ಕಥೆಗೆ ಬೇಕಾದಷ್ಟನ್ನೇ ಇಡಬೇಕು ಎಂಬ ಕಟ್ಟುನಿಟ್ಟಿನ ನಿಯಮ ಹಿಡಿದವರು ಮೊದಲು ಕತ್ತರಿ ಹಾಕುವುದು ಅಲ್ಲಿಗೇ. ಆದರೆ ಹೈದರಾಲಿಯ ಸೈನಿಕರು ನುಸುಳಿದ ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಆ ಹೆಣ್ಣನ್ನು ನಾಡಿನ ಮನೆಮನೆಗೆ ತಲುಪಿಸುವುದರಲ್ಲಿ ಆ ಕೆಲವು ನಿಮಿಷಗಳ ಪಾಲು ದೊಡ್ಡದು. ಇಂದಿಗೂ ಕೋಟೆ ನೋಡಲು ಬಂದವರು ಒನಕೆ ಕಿಂಡಿ ಎಲ್ಲಿ ಎಂದು ಕೇಳುತ್ತಾರೆ. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಈ ಲಾಭ ಯಾವ ವಲಯದ ಶೇರಿನಲ್ಲಿ ಜಮೆಯಾಗಿದೆ? ಗಲ್ಲಾಪೆಟ್ಟಿಗೆಯ ಲೆಕ್ಕ ವಾರದ್ದು. ಊರಿನ ಲೆಕ್ಕ ತಲೆಮಾರಿನದು. ಚಿತ್ರ ಮಾಡುವವರು ಮೊದಲನೆಯದನ್ನು ಮರೆತರೆ ದಿವಾಳಿಯಾಗುತ್ತಾರೆ, ಎರಡನೆಯದನ್ನು ಮರೆತರೆ ಮರೆತುಹೋಗುತ್ತಾರೆ.

ಓದುಗರ ತಕ್ಕಡಿ ಎಲ್ಲಿಗೆ ಹೋಯಿತು? ಟಿ.ವಿ. ಬಂದು ಲೈಬ್ರರಿಗಳು ಮುಚ್ಚಿದವು. ಕಾದಂಬರಿ ಓದುವವರು ಕಡಿಮೆಯಾದಂತೆ ನಿರ್ಮಾಪಕರಿಗೆ ಕಥೆಯನ್ನು ಮೊದಲೇ ಪರೀಕ್ಷಿಸುವ ದಾರಿ ಇಲ್ಲವಾಯಿತು. ಆ ಜಾಗಕ್ಕೆ ಬಂದದ್ದು ರೀಮೇಕ್. ತಮಿಳಿನಲ್ಲೋ ತೆಲುಗಿನಲ್ಲೋ ಓಡಿದ ಚಿತ್ರದ ಹಕ್ಕು ತಂದರೆ ಪರೀಕ್ಷೆ ಅಲ್ಲಿಯ ಪ್ರೇಕ್ಷಕರೇ ಮಾಡಿಕೊಟ್ಟಂತೆ. ವ್ಯವಹಾರದ ದೃಷ್ಟಿಯಿಂದ ಇದು ಮೂರ್ಖತನವಲ್ಲ. ಆದರೆ ಇದರಿಂದಾದ ನಷ್ಟ ಬೇರೆಯದು. ಹೊಳಲ್ಕೆರೆಯ ಓದುಗ ಮೆಚ್ಚಿದ ಕಥೆಗೆ ಅಂದು ಬೆಲೆಯಿತ್ತು. ಆಮೇಲೆ ಮದರಾಸಿನ ಪ್ರೇಕ್ಷಕ ಮೆಚ್ಚಿದ ಕಥೆಗೆ ಬೆಲೆ ಬಂತು. ತೂಗುವವರ ಊರು ಬದಲಾದಾಗ ಕಥೆಯ ಊರೂ ಬದಲಾಗುತ್ತದೆ. ದುರ್ಗದಂಥ ಊರುಗಳು ಕಥೆಯ ಮೂಲವಾಗಿರುವುದು ತಪ್ಪಿ ಬರೀ ಚಿತ್ರೀಕರಣದ ತಾಣಗಳಾದವು.

ಅಪವಾದಗಳಿಲ್ಲದಿಲ್ಲ. ಇದೇ ಊರಿನ ಕಾದಂಬರಿಕಾರ ಬಿ.ಎಲ್. ವೇಣು ಅವರ 'ಪರಾಜಿತ' 1982ರಲ್ಲಿ ಚಿತ್ರವಾಯಿತು. ಮದಕರಿ ನಾಯಕನ ಕಾಲದಲ್ಲಿ ಹಿಂದೂ ಹುಡುಗ, ಮುಸ್ಲಿಂ ಹುಡುಗಿಯ ಪ್ರೇಮವನ್ನು ಹೇಳುವ ಅವರ ಕಥೆಯನ್ನು ನಾಗಾಭರಣ 2006ರಲ್ಲಿ 'ಕಲ್ಲರಳಿ ಹೂವಾಗಿ' ಎಂದು ತೆರೆಗೆ ತಂದರು. ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ರಾಷ್ಟ್ರಪ್ರಶಸ್ತಿ ದೊರೆಯಿತು. 2013ರ 'ಲೂಸಿಯಾ' ಮತ್ತೊಂದು ದಾರಿ ತೋರಿಸಿತು. ನಿರ್ಮಾಪಕರು ಕೈಹಿಡಿಯದಿದ್ದಾಗ ಪವನ್ ಕುಮಾರ್ ನೇರವಾಗಿ ಜನರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಐವತ್ತು ಲಕ್ಷಕ್ಕೂ ಹೆಚ್ಚು ಹಣ ಕೊಟ್ಟರು. ಚಿತ್ರ ಸಿದ್ಧವಾಗುವ ಮೊದಲೇ ಪ್ರೇಕ್ಷಕ ಟಿಕೆಟ್ ಕೊಂಡಂತೆ. ಹಳೆಯ ಓದುಗರ ತಕ್ಕಡಿಯೇ ಹೊಸ ರೂಪದಲ್ಲಿ ಬಂದಿತೆನ್ನಬಹುದು.

ಇಂದಿನ ಸ್ಥಿತಿಯಲ್ಲಿ ಲೆಕ್ಕ ಇನ್ನಷ್ಟು ಜಟಿಲ. ಡಿಜಿಟಲ್ ಬಂದ ಮೇಲೆ ಪ್ರಿಂಟ್‌ಗಾಗಿ ಕಾಯಬೇಕಿಲ್ಲ. ಬೆಂಗಳೂರಿನ ಜೊತೆಗೇ ಹೊಸದುರ್ಗದಲ್ಲೂ ಚಿತ್ರ ತೆರೆ ಕಾಣಬಹುದು. ಹಾಗೆಯೇ ಮೂರೇ ದಿನದಲ್ಲಿ ಎತ್ತಂಗಡಿಯೂ ಆಗಬಹುದು. ಮೊದಲು ನಿಧಾನವಾಗಿ ಬಾಯಿಂದ ಬಾಯಿಗೆ ಹಬ್ಬುವ ಮೆಚ್ಚುಗೆಗೆ ಕಾಲಾವಕಾಶವಿತ್ತು; ಈಗ ಶುಕ್ರವಾರ ಸಂಜೆಗೆ ತೀರ್ಪು. ಟಿ.ವಿ. ಹಕ್ಕು, ಡಬ್ಬಿಂಗ್ ಹಕ್ಕು, ಓಟಿಟಿ ಹಕ್ಕುಗಳು ತಾರೆಯ ಹೆಸರು ನೋಡಿ ನಿಗದಿಯಾಗುವುದೇ ಹೆಚ್ಚು. ಮೂಲ ಚಿತ್ರಗಳನ್ನೇ ಜನ ಮೊಬೈಲಿನಲ್ಲಿ ನೋಡಿಬಿಡುವುದರಿಂದ ರೀಮೇಕಿನ ಆಕರ್ಷಣೆ ಮಾತ್ರ ಕುಗ್ಗಿದೆ. ಸ್ವಂತ ಕಥೆಗೆ ಇದು ಒಳ್ಳೆಯ ಕಾಲವೂ ಆಗಬಹುದು.

ಹಾಗಾದರೆ ಈ ಜಿಲ್ಲೆಯ ಯಾವುದೋ ಊರಿನಲ್ಲಿ ಕುಳಿತು ಕಥೆ ಬರೆಯುತ್ತಿರುವ ಹುಡುಗ ಅಥವಾ ಹುಡುಗಿ ಏನು ಮಾಡಬೇಕು? ಗಾಂಧಿನಗರದ ಮೆಟ್ಟಿಲು ಹತ್ತುವ ಮೊದಲು ತಮ್ಮ ಊರಿನಲ್ಲೇ ಕಥೆಯನ್ನು ತೂಗಿಸುವುದು ಒಳ್ಳೆಯದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ನೋಡಿ. ಅಲ್ಲಿಯ ಶಿವಸಂಚಾರ 1997ರಿಂದ ಪ್ರತಿ ವರ್ಷ ನಾಟಕಗಳನ್ನು ಕಟ್ಟಿಕೊಂಡು ನಾಡಿನ ಊರೂರು ಸುತ್ತುತ್ತಿದೆ. ಎಲ್ಲಿ ಜನ ಕದಲುತ್ತಾರೆ, ಎಲ್ಲಿ ಎದ್ದುಹೋಗುತ್ತಾರೆ, ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆ ಎಂಬುದು ರಂಗದ ಮೇಲಿರುವವರಿಗೆ ಆ ಕ್ಷಣವೇ ತಿಳಿಯುತ್ತದೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಸ್ಟುಡಿಯೋದಲ್ಲೂ ಇಲ್ಲ. ನಾಟಕವಿಲ್ಲದಿದ್ದರೆ ಗಣೇಶನ ಚಪ್ಪರವಿದೆ, ಹೋಟೆಲಿನ ಬೆಂಚಿದೆ, ಸಂಜೆಯ ಜಗಲಿಯಿದೆ. ಹತ್ತು ನಿಮಿಷ ಕಥೆ ಹೇಳಿ, ಕೇಳಿದವರು "ಆಮೇಲೆ?" ಎಂದರೆ ಮುಂದುವರಿಯಬಹುದು. ಆಮೇಲೆ ವೆಚ್ಚದ ಲೆಕ್ಕ: ಎಷ್ಟು ಜನ ನೋಡಿದರೆ ಈ ಕಥೆ ತನ್ನ ಕಾಲ ಮೇಲೆ ನಿಲ್ಲುತ್ತದೆ? ಆ ಸಂಖ್ಯೆಗೆ ತಕ್ಕಂತೆ ಖರ್ಚು ಮಾಡಿದರೆ ಸಣ್ಣ ಕಥೆಯೂ ಬದುಕುತ್ತದೆ.

ಪ್ರೇಕ್ಷಕರ ಪಾಲಿನ ಕೆಲಸವೂ ಒಂದಿದೆ. ನಮ್ಮ ಊರಿನ ಕಥೆ ಬರುವುದಿಲ್ಲವೆಂದು ದೂರುವವರು, ಅಂಥ ಕಥೆ ಬಂದ ವಾರ ಚಿತ್ರಮಂದಿರಕ್ಕೆ ಹೋಗಿದ್ದರೇ ಎಂದು ಒಮ್ಮೆ ಕೇಳಿಕೊಳ್ಳಬೇಕು. 2018ರಲ್ಲಿ 'ನಾಗರಹಾವು' ಹೊಸ ತಂತ್ರಜ್ಞಾನದ ಹೊಳಪಿನೊಂದಿಗೆ ಮತ್ತೆ ತೆರೆಗೆ ಬಂತು. ನಲವತ್ತೈದು ವರ್ಷ ದಾಟಿದ ಚಿತ್ರಕ್ಕೆ ಮತ್ತೆ ದುಡ್ಡು ಹಾಕುವ ಧೈರ್ಯವನ್ನು ಕೊಟ್ಟವರು, ಅದನ್ನು ಮರೆಯದೆ ಉಳಿಸಿಕೊಂಡ ಜನ. ತಕ್ಕಡಿಯ ಒಂದು ತಟ್ಟೆ ಗಾಂಧಿನಗರದಲ್ಲಿದೆ, ನಿಜ. ಇನ್ನೊಂದು ತಟ್ಟೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಟಿಕೆಟ್ ಕೌಂಟರಿನ ಮುಂದಿದೆ. ಅದರಲ್ಲಿ ಭಾರ ಹಾಕುವವರು ಇಲ್ಲಿ ಕುಳಿತಿದ್ದೀರಿ.